ಕೆಂಪು ಸಾಲಿನ ಅರ್ಥ ಬಲ್ಲವಳು

ನೀರಿನ ಕಚೇರಿಯ ಎದುರಿಗೆ, ಕೀಲಿ ಮಾಡುವವನ ಅಂಗಡಿಗೂ ಔಷಧದಂಗಡಿಗೂ ನಡುವಿನ ಕಿಷ್ಕಿಂಧೆಯಂಥ ಪುಟ್ಟ ಅಂಗಡಿಯಲ್ಲಿ, ದುಡ್ಡಿಗೆ ಅರ್ಜಿ ತುಂಬಿಕೊಡುವ ಫಾರಂ ಅಕ್ಕ ಕೂರುತ್ತಿದ್ದಳು. ಹೆತ್ತವರಿಟ್ಟ ಹೆಸರು ಬೇರೆ ಇತ್ತು, ಆ ಹೆಸರಿನಿಂದ ಕರೆಯುವವರು ಯಾರೂ ಉಳಿದಿರಲಿಲ್ಲ. ಅರವತ್ತರ ಹತ್ತಿರದ ಹೆಂಗಸು. ಮೂಗಿನ ತುದಿಗೆ ಜಾರಿದ ಕನ್ನಡಕ, ಕಂಪ್ಯೂಟರಿನ ಮೇಲೆ ಎರಡೇ ಬೆರಳಿನ ಟೈಪಿಂಗು. ಹೊಸ ನಲ್ಲಿ ಬೇಕಾದವರು, ಮೀಟರು ಕೆಟ್ಟವರು, ತೀರಿಕೊಂಡ ಮಾವನ ಹೆಸರಿನಲ್ಲಿದ್ದ ಸಂಪರ್ಕವನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕಾದವರು ಎಲ್ಲರೂ ಮೊದಲು ಕಚೇರಿಗೇ ಹೋಗುತ್ತಿದ್ದರು. ಈಗ ಎಲ್ಲವೂ ಆನ್‌ಲೈನ್, ಮನೆಯಲ್ಲೇ ಕೂತು ಆರಾಮವಾಗಿ ಮಾಡಿ ಎಂದು ಕಚೇರಿಯವರು ಕಳಿಸುತ್ತಿದ್ದರು. ಅವರು ಮೂರು ದಿನ ಮನೆಯಲ್ಲೇ ಕೂತು ಆರಾಮವಾಗಿ ಒದ್ದಾಡಿ, ನಾಲ್ಕನೆಯ ದಿನ ಅಕ್ಕನ ಹತ್ತಿರ ಬರುತ್ತಿದ್ದರು.

ಅರ್ಜಿಯಲ್ಲಿ ಹತ್ತೊಂಬತ್ತು ಖಾನೆಗಳಿದ್ದವು. ಎಲ್ಲವನ್ನೂ ತುಂಬಿ ‘ಸಲ್ಲಿಸಿ’ ಒತ್ತಿದರೆ ಪುಟ ಒಂದು ಗಳಿಗೆ ಯೋಚಿಸಿದಂತೆ ಮಾಡಿ ವಾಪಸು ಬರುತ್ತಿತ್ತು. ನೆತ್ತಿಯ ಮೇಲೊಂದು ಕೆಂಪು ಸಾಲು: “ಮಾಹಿತಿ ಸರಿಯಿಲ್ಲ.” ಯಾವ ಮಾಹಿತಿ, ಏನು ಸರಿಯಿಲ್ಲ, ಆ ಸುದ್ದಿಯೇ ಇಲ್ಲ. ಸಾಲದ್ದಕ್ಕೆ ಹತ್ತೊಂಬತ್ತು ಖಾನೆಗಳೂ ಒರೆಸಿಟ್ಟ ಹಾಗೆ ಖಾಲಿ.

ಅಕ್ಕನಿಗೆ ಇಂಥದ್ದು ಹೊಸದಾಗಿರಲಿಲ್ಲ. ಅವಳ ಗಂಡ ಕೈಗಡಿಯಾರ ರಿಪೇರಿ ಮಾಡುತ್ತಿದ್ದವನು, ಒಳ್ಳೆಯ ಮನುಷ್ಯ, ಸಿಟ್ಟು ಬಂದರೆ ಮಾತ್ರ ಬಾಯಿಗೆ ಬೀಗ. ತಟ್ಟೆ ಸರಿಸಿ ಎದ್ದುಬಿಡುತ್ತಿದ್ದ. ಉಪ್ಪು ಹೆಚ್ಚಾಯಿತೋ, ಇವಳು ತಂಗಿಯ ಮನೆಗೆ ಹೋಗಿಬಂದದ್ದು ಹೆಚ್ಚಾಯಿತೋ, ಇವಳೇ ಕಂಡುಹಿಡಿಯಬೇಕು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ ಮುಖ ನೋಡುತ್ತ, ಅವನು ತೀರಿಹೋಗುವ ತನಕ ಮೂವತ್ತೊಂದು ವರ್ಷ ಸಂಸಾರ ತೂಗಿಸಿದ್ದಳು. ಅರ್ಜಿಗೂ ಅದೇ ಉಪಾಯ ಹೂಡಿದಳು. ಆರು ತಿಂಗಳಲ್ಲಿ ಅದರ ಗುಟ್ಟೆಲ್ಲ ಒಂದು ನೋಟ್‌ಬುಕ್ಕಿಗೆ ಇಳಿಯಿತು. ಇನಿಷಿಯಲ್ ಆದಮೇಲೆ ಚುಕ್ಕೆ ಇಟ್ಟರೆ ಅದಕ್ಕೆ ಆಗದು. ಫೋನ್ ನಂಬರಿನ ಮೊದಲಿಗೆ ಸೊನ್ನೆ ಆಗದು. ಮನೆ ನಂಬರಿನ ಅಂಕಿಗಳ ನಡುವೆ ಓರೆಗೆರೆಯಂತೂ ಸುತರಾಂ ಆಗದು. ಆ ಬಡಾವಣೆಯಲ್ಲಿ ಓರೆಗೆರೆಯಿಲ್ಲದ ಮನೆ ನಂಬರೇ ಇರಲಿಲ್ಲ. ಜನ ಅವಳ ಕೈಗುಣ ದೊಡ್ಡದು ಎನ್ನುತ್ತಿದ್ದರು. ಅಕ್ಕ ಅಲ್ಲಗಳೆಯಲು ಹೋಗಲಿಲ್ಲ.

ಒಂದು ಮಧ್ಯಾಹ್ನ ನಲವತ್ತರ ಗಂಡಸೊಬ್ಬ, ಹೆಗಲಿಗೆ ಚೀಲ ಹಾಕಿಕೊಂಡು, ಅಂಗಡಿಯ ಮುಂದೆ ಬಹಳ ಹೊತ್ತು ನಿಂತಿದ್ದ. ಹೊಸಬ, ಸಂಕೋಚ ಪಡುತ್ತಿದ್ದಾನೆ ಎಂದುಕೊಂಡು ಅಕ್ಕ ಕೂರಲು ಹೇಳಿದಳು. ಅವನು ಕಚೇರಿಯ ಪ್ರೋಗ್ರಾಮರ್. ಹಿಂದೆ ಯಾರೋ ಮಾಡಿ ಬಿಟ್ಟುಹೋದ ವೆಬ್‌ಸೈಟು ಆ ತಿಂಗಳಷ್ಟೇ ಅವನ ಕೊರಳಿಗೆ ಬಿದ್ದಿತ್ತು. ಪಾಸಾದ ಅರ್ಜಿಗಳಲ್ಲಿ ಮುಕ್ಕಾಲು ಪಾಲು ಒಂದೇ ಕಂಪ್ಯೂಟರಿನಿಂದ ಬಂದಿವೆಯೆಂದು ನೋಡಿ, ಅದು ಯಾರದ್ದೆಂದು ಹುಡುಕಿಕೊಂಡು ಬಂದಿದ್ದ.

ಬಂದವನು ನೋಟ್‌ಬುಕ್ಕಿನ ಪುಟ ತಿರುವುತ್ತಿರುವಾಗ ಅಕ್ಕ ತನ್ನ ಬಹುದಿನದ ಅನುಮಾನ ಕೇಳಿಯೇಬಿಟ್ಟಳು.

“ಅಲ್ಲಪ್ಪಾ, ತಪ್ಪು ಯಾವುದು ಅಂತ ಆ ಕಂಪ್ಯೂಟರಿಗೇ ಗೊತ್ತಾಗಲ್ವಾ?”

“ಗೊತ್ತಾಗುತ್ತಮ್ಮ. ಆ ಕಡೆ ಸರ್ವರ್ ಒಂದೊಂದು ಖಾನೇನೂ ನೋಡಿ, ಎಲ್ಲೆಲ್ಲಿ ಏನೇನು ತಪ್ಪು ಅಂತ ಪಟ್ಟಿ ಮಾಡೇ ಕಳಿಸುತ್ತೆ. ಆ ಪಟ್ಟಿ ತೋರಿಸೋಕೆ ಈ ಪುಟದಲ್ಲಿ ಜಾಗಾನೇ ಮಾಡಿಲ್ಲ.”

“ಅಂದ್ರೆ ಇಷ್ಟು ದಿನ ಗೊತ್ತಿದ್ದೂ ಸುಮ್ನಿತ್ತು.”

“ಹಾಗೇ ಅನ್ನಿ.”

ಅಕ್ಕ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡಳು. ತನ್ನ ಗಂಡನ ಬಳಿಯೂ ಹೀಗೆ ಒಂದು ಪಟ್ಟಿ ಇದ್ದಿರಬೇಕು, ತೋರಿಸಲು ಜಾಗ ಸಿಕ್ಕಿರಲಿಕ್ಕಿಲ್ಲ ಅನ್ನಿಸಿತು.

ನೋಟ್‌ಬುಕ್ಕನ್ನು ಅವನು ಕಚೇರಿಗೆ ಒಯ್ಯಲು ಕೊಡುವುದೆಂದರೆ ತನ್ನ ಹೊಟ್ಟೆಯ ಮೇಲೆ ತಾನೇ ಹೊಡೆದುಕೊಳ್ಳುವುದು ಎಂದು ಅವಳಿಗೆ ತಿಳಿದಿತ್ತು. ಆದರೂ ಕೊಟ್ಟಳು. ಕಚೇರಿಯಿಂದ ರಸ್ತೆ ದಾಟಿ ಅವಳನ್ನು ಕೇಳಲು ಬಂದವರಲ್ಲಿ ಅವನೇ ಮೊದಲಿಗ. ತಪ್ಪಾದಾಗ ಜನರಿಗೆ ಏನೆಂದು ಹೇಳುತ್ತೀರಿ ಎಂದು ಅವನು ಕೇಳಿದ. ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಂಡ.

ಹದಿನೈದು ದಿನದಲ್ಲಿ ಅರ್ಜಿ ಬದಲಾಯಿತು. ತುಂಬಿದ್ದು ತುಂಬಿದ ಹಾಗೇ ಉಳಿಯುತ್ತಿತ್ತು, ತಪ್ಪಾದ ಖಾನೆಯ ಕೆಳಗೇ ಕೆಂಪಕ್ಷರ ಮೂಡುತ್ತಿತ್ತು. “ನಂಬರಿನ ಮೊದಲಿರೋ ಸೊನ್ನೆ ತೆಗೀರಿ.” “ಇದು ಮೀಟರ್ ತೋರಿಸೋ ಅಂಕಿ. ನಾವು ಕೇಳ್ತಿರೋ ನಂಬರ್ ಅದರ ಮೈಮೇಲೆ ಕೊರೆದಿರುತ್ತೆ, ಎದ್ದು ಹೋಗಿ ನೋಡ್ಕೊಂಡು ಬನ್ನಿ.” ಜನ ನೋಡಿಕೊಂಡು ಬಂದು ಬರೆದರು, ಅರ್ಜಿ ಹೋಯಿತು. ಅಕ್ಕನಿಗೆ ನೊಣ ಹೊಡೆಯುವ ಕೆಲಸ ಉಳಿಯಿತು. ಕೀಲಿಯವನು ಬಂದು, ತನ್ನ ಹೆಂಡತಿ ಮನೆಯಲ್ಲೇ ಅರ್ಜಿ ಹಾಕಿದಳೆಂದೂ ಕಂಪ್ಯೂಟರು ಥೇಟ್ ಅಕ್ಕನ ಹಾಗೇ ಗದರುತ್ತದೆಂದೂ ಹೇಳಿ ನಕ್ಕ. ಅವಳೂ ನಕ್ಕಳು. ಆ ಸಂಜೆ ಅಂಗಡಿ ಬಿಟ್ಟುಕೊಡುವ ವಿಚಾರವನ್ನು ತಂಗಿಯ ಹತ್ತಿರ ಮೊದಲ ಬಾರಿಗೆ ಎತ್ತಿದಳು.

ಅವಳನ್ನು ಉಳಿಸಿದ್ದು ಕಚೇರಿಯ ಹಿರಿಯ ಅಧಿಕಾರಿ. ಸ್ವಂತ ಮನೆಗೆ ಎರಡನೆಯ ಸಂಪರ್ಕ ಬೇಕಾಗಿ ಅವರೂ ಅರ್ಜಿ ತುಂಬಿದರು, ಎಲ್ಲರ ಹಾಗೆ ಮೀಟರಿನ ಅಂಕಿಯನ್ನೇ ಬರೆದರು, ಎದ್ದು ಹೋಗಿ ನೋಡಿಕೊಂಡು ಬರಲು ತಮ್ಮದೇ ವೆಬ್‌ಸೈಟು ಹೇಳಿದ್ದನ್ನು ಓದಿದರು. ಮರುದಿನವೇ ಕಚೇರಿಯ ಘನತೆಗೆ ತಕ್ಕ ಭಾಷೆ ರೂಪಿಸಲು ಸಮಿತಿಯಾಯಿತು. ನಾಲ್ಕು ಸಭೆಗಳ ನಂತರ ಹತ್ತೊಂಬತ್ತು ಖಾನೆಗಳಿಗೂ ಒಂದೇ ವಾಕ್ಯ ಹೊರಬಂತು: “ನಮೂದಿಸಲ್ಪಟ್ಟ ದತ್ತಾಂಶವು ನಿಗದಿತ ನಮೂನೆಗೆ ಅನುಗುಣವಾಗಿರದ ಕಾರಣ ಅಮಾನ್ಯಗೊಳಿಸಲಾಗಿರುತ್ತದೆ.”

ಇದನ್ನು ತಿಳಿಸಲು ಪ್ರೋಗ್ರಾಮರ್ ತಪ್ಪು ಮಾಡಿದವನ ಹಾಗೆ ತಲೆ ತಗ್ಗಿಸಿ ಬಂದ. ಅಕ್ಕ ವಾಕ್ಯವನ್ನು ಎರಡು ಸಲ ಓದಿದಳು.

“ತುಂಬಿದ್ದು ಮತ್ತೆ ಅಳಿಸಿಹೋಗುತ್ತಾ?”

“ಇಲ್ಲಮ್ಮ. ಯಾವ ಖಾನೆ ತಪ್ಪೋ ಅದರ ಕೆಳಗೇ ಬರುತ್ತೆ, ತುಂಬಿದ್ದೂ ಉಳಿಯುತ್ತೆ. ಸಮಿತಿಯವರು ನೋಡಿದ್ದು ಬರೀ ಮಾತನ್ನ, ಇದೆಲ್ಲ ಅವರ ಕಣ್ಣಿಗೆ ಬೀಳಲಿಲ್ಲ.”

“ಅಷ್ಟಿದ್ರೆ ಬೇಕಾದಷ್ಟಾಯ್ತು ಬಿಡಪ್ಪ.”

ವಾರದೊಳಗೆ ಜನ ಮತ್ತೆ ರಸ್ತೆ ದಾಟತೊಡಗಿದರು. ಈಗ ಊಹಿಸುವ ಕೆಲಸವಿರಲಿಲ್ಲ. ಕೆಂಪಾದ ಖಾನೆ ನೋಡಿ, ಕನ್ನಡವನ್ನು ಕನ್ನಡದಲ್ಲಿ ಹೇಳಿದರಾಯಿತು. ಹಿಂದೆ ಅರ್ಧ ದಿನ ತಿನ್ನುತ್ತಿದ್ದ ಅರ್ಜಿ ಹತ್ತು ನಿಮಿಷಕ್ಕೆ ಮುಗಿಯುತ್ತಿತ್ತು. ಸಮಿತಿಯವರು ನೂರು ಕಾಲ ಬಾಳಲಿ ಎಂದು ಅವಳೇನೂ ಬಾಯಿಬಿಟ್ಟು ಹೇಳಲಿಲ್ಲ. ಕಾಯುವವರಿಗೆಂದು ಅಂಗಡಿಯ ಮುಂದೆ ಒಂದು ಬೆಂಚು ತಂದು ಹಾಕಿಸಿದಳು.