ಮೈದುನನ ಬ್ಯಾಂಡು, ನನ್ನ ವಿಡಿಯೋ ಗೇಮು

ನಮ್ಮ ಮನೆಯಲ್ಲಿ ವಿಡಿಯೋ ಗೇಮ್ ಆಡುವವಳು ನಾನೊಬ್ಬಳೇ. ಹಾಸನದಲ್ಲಿ ಬಾಡಿಗೆ ಮನೆ, ಚನ್ನರಾಯಪಟ್ಟಣದ ಒಂದು ಪಿಯು ಕಾಲೇಜಿನಲ್ಲಿ ಗಣಿತದ ಪಾಠ. ಸಂಜೆ ಬಸ್ಸಿಳಿದು ಬಂದು ಕಾಫಿ ಕುಡಿದ ಮೇಲೆ ಟಿವಿಗೆ ಕನ್ಸೋಲ್ ಸಿಕ್ಕಿಸಿಕೊಂಡು ಕೂರುತ್ತೇನೆ. ನನ್ನ ಗಂಡ ಪಕ್ಕದಲ್ಲಿ ಸೊಪ್ಪು ಬಿಡಿಸುತ್ತಾ ಕೂತಿರುತ್ತಾರೆ. ಅವರಿಗೆ ಆಟದ ತಲೆಬುಡ ತಿಳಿಯುವುದಿಲ್ಲ, ಆದರೆ ತೆರೆಯ ಮೇಲೆ ಯಾರಾದರೂ ಸತ್ತರೆ ಲೊಚಗುಟ್ಟುತ್ತಾರೆ. ಗಂಡನಿಂದ ಅದಕ್ಕಿಂತ ಹೆಚ್ಚಿನದನ್ನು ನಾನು ಬಯಸಿಲ್ಲ.

ನಾನು ಗೇಮ್ ಆಡುತ್ತೇನೆ ಅಂತ ಗೊತ್ತಾದ ದಿನ ನನ್ನ ವಿದ್ಯಾರ್ಥಿಗಳು ನನ್ನನ್ನು ತಮ್ಮ ಗುಂಪಿಗೆ ಸೇರಿಸಿಕೊಳ್ಳಲು ಬಂದಿದ್ದರು. ಅವರು ಆಡುವುದು ಫೋನಿನಲ್ಲಿ ಬಂದೂಕು ಹಿಡಿದು ಓಡುವ ಆಟ. ಓಡು, ಬಗ್ಗು, ಸುಡು, ಸಾಯಿ, ಮತ್ತೆ ಓಡು. ಅದನ್ನು ನಾನು ಆಟ ಅನ್ನುವುದಿಲ್ಲ, ಹೆಬ್ಬೆರಳಿನ ವ್ಯಾಯಾಮ ಅನ್ನುತ್ತೇನೆ. ಆಡುವವರಿಗಿಂತ ಕಡೆ ಅದನ್ನು ಆಡುತ್ತಾ ವಿಡಿಯೋ ಮಾಡುವವರು. ಗುಡಿಸಲು ಕಂಡರೂ ಚೀರುತ್ತಾರೆ, ಬಾಗಿಲು ತೆಗೆದರೂ ಚೀರುತ್ತಾರೆ. ಇನ್ನು ಕೋಟಿಗಟ್ಟಲೆ ಸುರಿದು ದೊಡ್ಡ ಕಂಪನಿಗಳು ಮಾಡುವ ಆಟಗಳಿವೆ. ಕುದುರೆಯ ಮೈಮೇಲಿನ ಒಂದೊಂದು ಕೂದಲೂ ಕಾಣುತ್ತದೆ, ಸವಾರನ ಬಾಯಿಂದ ಮನುಷ್ಯರು ಆಡುವಂಥ ಒಂದು ಮಾತೂ ಬರುವುದಿಲ್ಲ. ನನಗೆ ಬೇಕಾದವು ಒಬ್ಬರೋ ಇಬ್ಬರೋ ಕೂತು ಮಾಡಿದ ಸಣ್ಣ ಆಟಗಳು. ಅವುಗಳಲ್ಲೂ ಮುಕ್ಕಾಲು ಪಾಲು ಕಸವೇ, ಅದು ಬೇರೆ ಮಾತು.

ಹಾಡಿನ ವಿಷಯದಲ್ಲೂ ನನ್ನದು ಇದೇ ರೋಗ. ಬಸ್ಸಿನಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ನಾನು ಕೇಳುವುದು ಇಂಡೀ ರಾಕ್. ಅಂದರೆ ದೊಡ್ಡ ಕಂಪನಿಯ ಹಂಗಿಲ್ಲದೆ, ಮನೆಯ ಕೋಣೆಯಲ್ಲೋ ಕಾರ್ ಶೆಡ್ಡಿನಲ್ಲೋ ನಾಲ್ಕು ಜನ ಸೇರಿ ಮಾಡಿಕೊಳ್ಳುವ ಹಾಡು. ಇವರ ಹಣೆಬರಹವೂ ನನಗೆ ಗೊತ್ತು. ಮೊದಲ ಆಲ್ಬಮ್ ಚೆನ್ನಾಗಿರುತ್ತದೆ. ಎರಡನೆಯದರಲ್ಲಿ ಪಿಟೀಲು ಬರುತ್ತದೆ. ಮೂರನೆಯದರಲ್ಲಿ ಹಾಡುಗಾರನಿಗೆ ಜೀವನದ ಅರ್ಥ ತಿಳಿದುಬಿಡುತ್ತದೆ, ಅಲ್ಲಿಗೆ ನಾನು ಕೇಳುವುದನ್ನು ನಿಲ್ಲಿಸುತ್ತೇನೆ.

ಇಂಥ ನನ್ನ ಮುಂದೆ ಬಂದು ನನ್ನ ಮೈದುನ ತಾನೊಂದು ಬ್ಯಾಂಡ್ ಕಟ್ಟಿದ್ದೇನೆ ಅಂದ.

ಅವನು ಹೊಳೆನರಸೀಪುರದ ಒಂದು ಟ್ರ್ಯಾಕ್ಟರ್ ಶೋರೂಮಿನಲ್ಲಿ ಕೆಲಸಕ್ಕಿದ್ದಾನೆ. ಊರು ಹಳ್ಳಿಮೈಸೂರಿನ ಹತ್ತಿರ. ಮಾವನವರಿಗೆ ತೆಂಗಿನ ತೋಟ, ಗದ್ದೆ, ಊರಲ್ಲಿ ಒಳ್ಳೆಯ ಮರ್ಯಾದೆ ಎಲ್ಲ ಇದೆ. ಹುಡುಗನಿಗೆ ಜೀವನದಲ್ಲಿ ಯಾವ ಕೊರತೆಯೂ ಇರಲಿಲ್ಲ. ಆದರೆ ಅವನು ಬರೆದ ಹಾಡುಗಳಲ್ಲಿ ಬರೀ ಕತ್ತಲೆ, ಬರೀ ಒಂಟಿತನ. ಕಾಂಕ್ರೀಟ್ ಕಾಡಿನಲ್ಲಿ ಕಳೆದುಹೋಗಿದ್ದೇನೆ ಅಂತ ಒಂದು ಸಾಲಿತ್ತು. ಹೊಳೆನರಸೀಪುರದಲ್ಲಿ ಕಳೆದುಹೋಗಬೇಕಾದರೆ ಮನುಷ್ಯ ಬಹಳ ಶ್ರಮಪಡಬೇಕು.

ಮನೆಯಲ್ಲಿ ಇಂಥ ಹಾಡು ಕೇಳುವವಳು ಅತ್ತಿಗೆ ಒಬ್ಬಳೇ ಅಂತ ಒಂದು ಭಾನುವಾರ ನನ್ನನ್ನು ಅರಕಲಗೂಡಿಗೆ ಕರೆದುಕೊಂಡು ಹೋದ. ಅವರು ಅಭ್ಯಾಸ ಮಾಡುತ್ತಿದ್ದದ್ದು ಊರಾಚೆ ಒಂದು ಹೊಗೆಸೊಪ್ಪಿನ ಬ್ಯಾರನ್ನಿನಲ್ಲಿ. ಕಿಟಕಿಯಿಲ್ಲದ ಎತ್ತರದ ಕೋಣೆ, ಎಲೆ ನೇತುಹಾಕಿ ಬೇಯಿಸಲು ಮೇಲಿಂದ ಕೆಳಗಿನವರೆಗೆ ಗಳ ಕಟ್ಟಿದ್ದರು. ಬ್ಯಾಂಡಿನಲ್ಲಿ ಬೇಸ್ ಗಿಟಾರ್ ನುಡಿಸುವವನ ದೊಡ್ಡಪ್ಪನದಂತೆ. ಸೊಪ್ಪಿನ ಕಾಲ ಮುಗಿದಿದ್ದರಿಂದ ಖಾಲಿಯಿತ್ತು, ಘಾಟು ಮಾತ್ರ ಹೋಗಿರಲಿಲ್ಲ. ನಾನು ಮೂಗಿಗೆ ಸೆರಗು ಹಿಡಿದುಕೊಂಡು ಒಂದು ಮೂಟೆಯ ಮೇಲೆ ಕೂತೆ.

ಅವರು ಮೂರು ಹಾಡು ಹಾಡಿದರು. ಮೈದುನ ಕಣ್ಣು ಮುಚ್ಚಿಕೊಂಡು ಮೈಕನ್ನು ಬಾಯಿಗೆ ತುರುಕಿಕೊಳ್ಳುವ ಹಾಗೆ ಹಿಡಿದಿದ್ದ. ಮುಗಿದ ಮೇಲೆ ಹೆಂಗಿತ್ತು ಅಂತ ಕೇಳಿದ. ಮೂರೂ ಒಂದೇ ಹಾಡು, ಯಾವುದಾದರೂ ಎರಡನ್ನು ಬಿಡು ಅಂದೆ. ಬೇಸ್ ಹುಡುಗ ಕೆಳಗೆ ನೋಡಿದ. ಹಿಂದಿನಿಂದ ಒಬ್ಬ ನಕ್ಕ. ಅವನೇ ಡ್ರಮ್ಮರ್.

ಅವನು ಅರಕಲಗೂಡಿನ ಕಡೆಯ ಹಳ್ಳಿಯವನು, ಕೆಲಸ ಲೈನ್‌ಮನ್. ಗಟ್ಟಿಮುಟ್ಟಾದ ಕೈ, ಮುಖದ ಮೇಲೆ ಸದಾ ಏನೋ ಹಳಸಿದ್ದರ ವಾಸನೆ ಬಂದಂಥ ಭಾವ. ಆ ಬ್ಯಾರನ್ನಿನಲ್ಲಿ ತಾಳಕ್ಕೆ ಸರಿಯಾಗಿ ಬಾರಿಸುತ್ತಿದ್ದವನು ಅವನೊಬ್ಬನೇ, ಅದು ಅವನಿಗೂ ಚೆನ್ನಾಗಿ ಗೊತ್ತಿತ್ತು. ಟೀ ಕುಡಿಯುವಾಗ ನಾನು ಏನೇನು ಕೇಳುತ್ತೇನೆ ಅಂತ ವಿಚಾರಿಸಿದ. ನನ್ನ ಫೋನ್ ಇಸಿದುಕೊಂಡು ಒಂದೆರಡು ಹಾಡು ಕೇಳಿ ವಾಪಸ್ಸು ಕೊಟ್ಟ.

"ಇವೆಲ್ಲ ಅಳುಬುರುಕರ ಆಡು ಕಣಕ್ಕ. ಒಟ್ಟೆ ತುಂಬಿರೋರು ಅಳೋದು," ಅಂದ.

ಗೇಮಿನ ಮಾತೂ ಬಂತು. ಅವನು ಆಡುತ್ತಿದ್ದದ್ದು ಅದೇ ಬಂದೂಕಿನ ಆಟ, ಜೊತೆಯ ಲೈನ್‌ಮನ್‌ಗಳ ಜೊತೆ. ನಾನು ಹೆಬ್ಬೆರಳಿನ ವ್ಯಾಯಾಮದ ಮಾತು ಹೇಳಿದೆ. ನನ್ನ ಆಟ ಯಾವುದು ಅಂತ ಕೇಳಿದ. ಒಬ್ಬ ಮುದುಕಿ ಮಳೆಯಲ್ಲಿ ಕೂತು ತನ್ನ ಹಳೆಯ ದೋಣಿಯನ್ನು ರಿಪೇರಿ ಮಾಡುವ ಆಟವೊಂದನ್ನು ಆಗ ನಾನು ಆಡುತ್ತಿದ್ದೆ. ಅದನ್ನು ವಿವರಿಸಿದೆ. ಅವನು ನನ್ನ ಮುಖ ನೋಡಿ, ನಿಮಗೆ ಸಂಬಳ ಜಾಸ್ತಿಯಾಗಿದೆ ಅಂದ. ವಾಪಸ್ಸು ಬರುವಾಗ ಮೈದುನನಿಗೆ, ನಿನ್ನ ಬ್ಯಾಂಡಿನಲ್ಲಿ ಮಾತಾಡಿಸುವಂಥ ಮನುಷ್ಯ ಅವನೊಬ್ಬನೇ ಅಂತ ಹೇಳಿದೆ.

ಕೆಲವು ತಿಂಗಳಾದ ಮೇಲೆ ಚನ್ನರಾಯಪಟ್ಟಣದ ಒಂದು ಯುವಕ ಸಂಘದವರು ಕಲ್ಯಾಣ ಮಂಟಪದಲ್ಲಿ ನಡೆಸುವ ಕಾರ್ಯಕ್ರಮಕ್ಕೆ ಇವರನ್ನು ಕರೆದರು. ಬ್ಯಾಂಡಿನ ಮೊದಲ ವೇದಿಕೆ. ಅದರ ಮಾತುಕತೆಗೆ ಮೈದುನ ಮತ್ತು ಡ್ರಮ್ಮರ್ ಒಂದು ಶನಿವಾರ ಮಧ್ಯಾಹ್ನ ಹಾಸನದ ನಮ್ಮ ಮನೆಗೆ ಬಂದರು. ಮೈದುನ ಫೋನಿನಲ್ಲಿ ಒಂದು ವಿಡಿಯೋ ತೋರಿಸಿದ. ಬೆಂಗಳೂರಿನ ಯಾವುದೋ ಬ್ಯಾಂಡು, ಗಿಟಾರುಗಳ ನಡುವೆ ಒಬ್ಬ ಪೇಟ ಸುತ್ತಿಕೊಂಡು ತಮಟೆ ಬಡಿಯುತ್ತಿದ್ದ. ಇಂಥ ಬ್ಯಾಂಡುಗಳನ್ನು ನಾನು ಕಂಡಿದ್ದೇನೆ. ಹಾಡಿನಲ್ಲಿ ಹುರುಳಿಲ್ಲ ಅಂತ ತಿಳಿದ ದಿನ ಅವರಿಗೆ ಜಾನಪದ ನೆನಪಾಗುತ್ತದೆ.

"ನಮಗೂ ಇಂಗೆ ಮಣ್ಣಿನ ಸೊಗಡು ಬೇಕು. ಡ್ರಮ್ಮಿನ ಜೊತೆಗೆ ತಮಟೆನೂ ಇರ್ಲಿ. ಎಂಗೂ ನಿಮ್ಮ ಮನೇಲೇ ಐತಲ್ಲ, ತಗಂಡ್ ಬಾ," ಅಂದ ಮೈದುನ.

ಡ್ರಮ್ಮರ್ ಕಾಫಿ ಕುಡಿಯುತ್ತಿದ್ದ. ಲೋಟ ಕೆಳಗಿಡಲಿಲ್ಲ, ದನಿಯನ್ನೂ ಏರಿಸಲಿಲ್ಲ.

"ನಮ್ಮಪ್ಪ ಅದನ್ನ ಅಟ್ಟಕ್ಕೆ ಆಕಿ ಬಾಳ ವರ್ಸ ಆಯ್ತು. ಮೊದ್ಲು ಅಬ್ಬ ಆದ್ರೂ ಓಗಿ ಬಡೀಬೇಕಿತ್ತು, ಸಾವಾದ್ರೂ ಓಗಿ ಬಡೀಬೇಕಿತ್ತು. ಊಟ ಮಾತ್ರ ಆಚೆ ಕಡೆ ಕುಂತು. ಅದನ್ನ ಮುಟ್ಟಬಾರ್ದು ಅಂತ್ಲೇ ನಾನು ಡ್ರಮ್ ಕಲ್ತಿದ್ದು. ನಿನ್ನ ಆಡಿಗೆ ಮಣ್ಣಿನ ವಾಸ್ನೆ ಬೇಕು ಅಂದ್ರೆ ನೀನೇ ಓಗಿ ನಿಮ್ಮ ಗದ್ದೇಲಿ ಒಳ್ಳಾಡ್ಕಂಡು ಬಾ."

ನನ್ನ ಗಂಡ ಹುರುಳಿಕಾಯಿ ಮುರಿಯುವುದನ್ನು ನಿಲ್ಲಿಸಿದರು. ಮೈದುನ ಕೆಂಪಗಾದ. ತಾನು ಜಾತಿಗೀತಿ ನೋಡುವವನಲ್ಲ ಅಂತ ಗೊತ್ತಿಲ್ಲವಾ ಅಂದ. ಒಂದೇ ತಟ್ಟೆಯಲ್ಲಿ ತಿಂದದ್ದನ್ನು ನೆನಪಿಸಿದ. ಆಮೇಲೆ, "ಅದು ಕಲೆ ಕಣ, ಎಮ್ಮೆ ಪಡಬೇಕು," ಅಂದ. ನಮ್ಮ ಕಡೆಯವರ ಬಾಯಲ್ಲಿ ಹೆಮ್ಮೆಯೂ ಎಮ್ಮೆಯೂ ಒಂದೇ. ಆವತ್ತು ಮಾತ್ರ ನನಗೆ ಪ್ರಾಣಿಯೇ ಕಣ್ಣಿಗೆ ಕಟ್ಟಿತು.

"ಕಲೆ ಅಂದ್ರೆ ನೀನೇ ಬಡಿ. ನಾನು ಏಳ್ಕೊಡ್ತೀನಿ. ನಿಮ್ಮೂರ ಬೀದೀಲಿ, ನಿಮ್ಮಪ್ಪನ ಎದುರಿಗೆ ನಿಂತ್ಕಂಡು ಬಡಿತೀಯ?"

ಮೈದುನ ಫೋನನ್ನು ಜೇಬಿಗೆ ಹಾಕಿಕೊಂಡ. ಡ್ರಮ್ಮರ್ ಅವಸರವಿಲ್ಲದೆ ಕಾಫಿ ಮುಗಿಸಿದ, ಲೋಟವನ್ನು ಟೀಪಾಯಿಯ ಮೇಲೆ ಇಟ್ಟ, ಬತ್ತೀನಿ ಅಕ್ಕ ಅಂತ ನನಗೆ ಹೇಳಿ ಹೋದ. ಆ ಲೋಟವನ್ನು ನೀನೇ ಎತ್ತಿಕೊಂಡು ಹೋಗಿ ತೊಳಿ ಅಂತ ನಾನು ಮೈದುನನಿಗೆ ಹೇಳಿದೆ. ಇದ್ದ ಒಬ್ಬ ಕಲಾವಿದನನ್ನೂ ಕಳೆದುಕೊಂಡೆ, ಇನ್ನು ನಿನ್ನ ಹತ್ತಿರ ಉಳಿದದ್ದು ಕತ್ತಲೆ ಮಾತ್ರ ಅಂತಲೂ ಹೇಳಿದೆ. ಅವನು ಲೋಟ ತೊಳೆದಿಟ್ಟು, ಮುಖ ಊದಿಸಿಕೊಂಡು ಹೊಳೆನರಸೀಪುರದ ಬಸ್ಸು ಹತ್ತಿದ.

ಬುದ್ಧಿ ಬಂದೀತು ಅಂದುಕೊಂಡಿದ್ದೆ. ಬರಲಿಲ್ಲ. ಯಾವುದೋ ಕಾಲೇಜಿನ ಜಾನಪದ ತಂಡದಿಂದ ಹಳದಿ ಜುಬ್ಬಾ, ಕೆಂಪು ಪೇಟದ ಹುಡುಗರನ್ನು ಬಾಡಿಗೆಗೆ ತಂದ. ನಾನು ಕಾಲೇಜು ಮುಗಿಸಿಕೊಂಡು ಅದೇ ಸೀರೆಯಲ್ಲಿ ಕಲ್ಯಾಣ ಮಂಟಪಕ್ಕೆ ಹೋದೆ. ಮುಂದಿನ ಸಾಲಿನಲ್ಲಿ ಸಂಘದ ಪದಾಧಿಕಾರಿಗಳು, ಹಿಂದಿನ ಸಾಲುಗಳಲ್ಲಿ ನನ್ನ ವಿದ್ಯಾರ್ಥಿಗಳು ತಲೆ ಬಗ್ಗಿಸಿಕೊಂಡು ಫೋನಿನಲ್ಲಿ ಸುಡುತ್ತಾ ಕೂತಿದ್ದರು. ಗಿಟಾರು ಒಂದು ದಾರಿ ಹಿಡಿಯಿತು, ತಮಟೆ ಇನ್ನೊಂದು ದಾರಿ ಹಿಡಿಯಿತು. ಡ್ರಮ್ಮಿಗೆ ಕೂರಿಸಿದ್ದ ಹೊಸಬ ಯಾರ ಹಿಂದೆ ಹೋಗುವುದು ಅಂತ ತಿಳಿಯದೆ ಆಗಾಗ ಸುಮ್ಮನಾಗುತ್ತಿದ್ದ. ಮೈದುನನ ಹಾಡು ಯಾರಿಗೂ ಕೇಳಿಸಲಿಲ್ಲ, ಅದೊಂದು ಪುಣ್ಯ. ತಮಟೆ ಜೋರಾದಾಗಲೆಲ್ಲ ಜನ ಶಿಳ್ಳೆ ಹೊಡೆದರು. ಕೊನೆಯಲ್ಲಿ ಅಧ್ಯಕ್ಷರು ಶಾಲು ಹೊದಿಸಿ, ನಮ್ಮ ಮಣ್ಣಿನ ಸೊಗಡನ್ನು ಉಳಿಸಿದ ಯುವಕರು ಅಂತ ಭಾಷಣ ಮಾಡಿದರು. ಅದರ ವಿಡಿಯೋವನ್ನು ಹೊಗಳಿದವರಿಗೂ ಕೊರತೆಯಿರಲಿಲ್ಲ. ಊರಲ್ಲಿ ನಮ್ಮ ಅತ್ತೆ ಅದನ್ನು ನೋಡಿ ಒಂದೇ ಮಾತು ಕೇಳಿದರಂತೆ, ಮಗ ಯಾಕೆ ಹೊಟ್ಟೆನೋವು ಬಂದವನ ಹಾಗೆ ಕೂಗುತ್ತಾನೆ ಅಂತ. ಆ ವಿಡಿಯೋಗೆ ಬಂದ ವಿಮರ್ಶೆಗಳಲ್ಲಿ ನಾನು ಒಪ್ಪುವುದು ಅದೊಂದನ್ನೇ.

ಮುಂದೆ ಒಂದು ರಜೆಯ ದಿನ ಬೆಳಿಗ್ಗೆ ಡ್ರಮ್ಮರ್ ನಮ್ಮ ಬಾಗಿಲಿಗೆ ಬಂದ. ಹಾಸನದಲ್ಲಿ ಏನೋ ಕೆಲಸವಿತ್ತಂತೆ. ಒಳಗೆ ಬಂದು ಕೂತು, ಆ ಮುದುಕಿಯ ಆಟ ತೋರಿಸಿ ಅಂದ. ಕಂಟ್ರೋಲರನ್ನು ಅವನ ಕೈಗೆ ಕೊಟ್ಟೆ. ಹಲಗೆ ಸವರಿದ, ಮೊಳೆ ಹೊಡೆದ, ಬಿರುಕಿಗೆ ಅಂಟು ಮೆತ್ತಿದ. ತಿಂಡಿಗೆ ಕರೆದರೂ ಏಳಲಿಲ್ಲ, ಉಪ್ಪಿಟ್ಟಿನ ತಟ್ಟೆಯನ್ನು ಅಲ್ಲಿಗೇ ತಂದುಕೊಟ್ಟೆ. ಮುಗಿದ ಮೇಲೆ ಈ ಅಜ್ಜಿ ದೋಣಿ ತಗೊಂಡು ಎಲ್ಲಿಗೂ ಹೋಗುವುದಿಲ್ಲವಾ ಅಂತ ಕೇಳಿದ. ಇಲ್ಲ, ರಿಪೇರಿಯಾದರೆ ಆಟ ಮುಗಿಯಿತು ಅಂದೆ. ಇದಕ್ಕೆ ದುಡ್ಡು ಬೇರೆ ಕೊಟ್ಟಿರಲ್ಲ ಅಂತ ತಲೆ ಅಲ್ಲಾಡಿಸಿದ. ಆಮೇಲೆ ಮಳೆಯ ಸದ್ದಿನ ಬಗ್ಗೆ ಹೇಳಿದ. ಅದು ನಿಜವಾದ ಮಳೆಯಲ್ಲ, ಚಿಕ್ಕದೊಂದು ತುಂಡನ್ನೇ ತಿರುಗಾ ತಿರುಗಾ ಹಾಕಿದ್ದಾರೆ, ತುಂಡು ಸೇರುವ ಕಡೆ ಒಂದು ಹನಿ ತಪ್ಪುತ್ತದೆ ಅಂತ. ನನಗೆ ಆವರೆಗೆ ಅದು ಕೇಳಿಸಿಯೇ ಇರಲಿಲ್ಲ. ಈಗ ಬೇರೇನೂ ಕೇಳಿಸುವುದಿಲ್ಲ. ಒಂದು ಒಳ್ಳೆಯ ಆಟವನ್ನು ಹಾಳು ಮಾಡಿಬಿಟ್ಟ.

ಅವನು ಹೊರಡುವ ಹೊತ್ತಿಗೆ ಮೈದುನ ಬಂದ. ನನ್ನ ಗಂಡ ಮೆಲ್ಲಗೆ ಫೋನ್ ಮಾಡಿ ಕರೆಸಿದ್ದರು ಅಂತ ಆಮೇಲೆ ಗೊತ್ತಾಯಿತು. ಸೊಪ್ಪು ಬಿಡಿಸುವವರನ್ನು ಕಡೆಗಣಿಸಬಾರದು. ಮೈದುನ ಬಾಗಿಲಲ್ಲೇ ನಿಂತು, ಬೇಜಾರಾಗಿದ್ದರೆ ಸಾರಿ ಅಂದ.

"ಆಗಿದ್ರೆ ಅಲ್ಲ. ಆಗೈತೆ," ಅಂದ ಡ್ರಮ್ಮರ್.

ಮೈದುನ ಗೋಡೆ ನೋಡಿದ, ಟಿವಿ ನೋಡಿದ, ಕೊನೆಗೆ ಅವನ ಮುಖ ನೋಡಿದ. ಊರಿನ ಬೀದಿಯಲ್ಲಿ ಬಡಿಯುವ ಧೈರ್ಯ ತನಗಿಲ್ಲ, ಇಲ್ಲದ ಮೇಲೆ ಕೇಳಬಾರದಾಗಿತ್ತು ಅಂದ. ಅವನ ಬಾಯಿಂದ ಹಾಡಿನಲ್ಲಾಗಲಿ ಮಾತಿನಲ್ಲಾಗಲಿ ನಾನು ಕೇಳಿದ ಮೊದಲ ನೆಟ್ಟಗಿನ ವಾಕ್ಯ ಅದು. ಡ್ರಮ್ಮರ್ ತಕ್ಷಣ ಕರಗಲಿಲ್ಲ. ತಾನು ಬಂದರೆ ಡ್ರಮ್ ಮಾತ್ರ ಬಾರಿಸುವವನು, ಪೇಟ ಗೀಟ ಯಾರ ತಲೆಯ ಮೇಲೂ ಇರಬಾರದು, ಆ ಕತ್ತಲೆಯ ಹಾಡುಗಳನ್ನು ಒಲೆಗೆ ಹಾಕಬೇಕು ಅಂದ. ಮೈದುನ ಮೊದಲೆರಡಕ್ಕೆ ಕೂಡಲೇ ಒಪ್ಪಿದ, ಮೂರನೆಯದಕ್ಕೆ ಒಂದು ವಾರ ತೆಗೆದುಕೊಂಡ.

ಸೊಪ್ಪಿನ ಕಾಲ ಬಂದು ಬ್ಯಾರನ್ನಿಗೆ ಬೆಂಕಿ ಹಾಕಿದಾಗ ಅವರ ಅಭ್ಯಾಸ ಟ್ರ್ಯಾಕ್ಟರ್ ಶೋರೂಮಿನ ಮೇಲಿನ ಕೋಣೆಗೆ ಬಂತು. ಅಲ್ಲಿ ಹುಟ್ಟಿದ್ದು ಒಂದು ಹೊಸ ಹಾಡು. ಕರೆಂಟ್ ಹೋದಾಗ ಜನ ಲೈನ್‌ಮನ್‌ಗೆ ಫೋನ್ ಮಾಡಿ ಏನೇನು ಅನ್ನುತ್ತಾರೋ ಅದೇ ಅದರ ಸಾಹಿತ್ಯ. ಯಾವಾಗ ಬತ್ತದೆ ಸಾ, ಪಕ್ಕದ ಬೀದಿಗೆ ಐತಲ್ಲ ಸಾ, ಮೋಟ್ರು ಅರ್ಧಕ್ಕೆ ನಿಂತೈತೆ ಸಾ. ಮೊದಲು ಬೇಡಿಕೊಳ್ಳುತ್ತಾರೆ, ಆಮೇಲೆ ಬೈಯುತ್ತಾರೆ, ಕರೆಂಟ್ ಬಂದ ಮೇಲೆ ಯಾರೂ ಫೋನ್ ಮಾಡುವುದಿಲ್ಲ. ಅಷ್ಟೇ ಹಾಡು. ಬರೆದವನು ಡ್ರಮ್ಮರ್, ಹಾಡಿದವನು ಮೈದುನ, ಈ ಸಲ ಕಣ್ಣು ಬಿಟ್ಟುಕೊಂಡು.

ಕಳೆದ ತಿಂಗಳು ಹಾಸನದ ಒಂದು ಚಿಕ್ಕ ಕಾಫಿ ಅಂಗಡಿಯ ಮಹಡಿಯಲ್ಲಿ ಅದನ್ನು ಹಾಡಿದರು. ಬಂದಿದ್ದವರು ಸ್ವಲ್ಪ ಜನ, ಅವರಲ್ಲೂ ಅರ್ಧಕ್ಕರ್ಧ ಪುಕ್ಕಟೆ ವೈಫೈ ಇದೆ ಅಂತ ಬಂದವರು. ಹಾಡಿನ ಮಧ್ಯೆ ಮೂಲೆಯ ಮೇಜಿನಲ್ಲಿ ಒಬ್ಬ ತನ್ನ ಬಂದೂಕಿನ ಆಟ ನಿಲ್ಲಿಸಿ ತಲೆ ಎತ್ತಿದ, ಸ್ವಲ್ಪ ಹೊತ್ತು ಕೇಳಿದ, ಮತ್ತೆ ತಲೆ ಬಗ್ಗಿಸಿದ. ಈ ಊರಿನಲ್ಲಿ ಇದಕ್ಕಿಂತ ದೊಡ್ಡ ಸನ್ಮಾನ ಸಿಗುವುದಿಲ್ಲ.

ಮುಗಿದ ಮೇಲೆ ಸಾಮಾನನ್ನೆಲ್ಲ ವ್ಯಾನಿಗೆ ತುಂಬುತ್ತಾ ಮೈದುನ ಹೆಂಗಿತ್ತು ಅತ್ತಿಗೆ ಅಂದ. ಗಿಟಾರಿನ ಶ್ರುತಿ ತಪ್ಪಿತ್ತು, ಎರಡನೇ ಚರಣ ಉದ್ದವಾಯಿತು ಅಂದೆ. ಡ್ರಮ್ಮರ್ ವ್ಯಾನಿನೊಳಗಿಂದಲೇ, ಎರಡನೇ ಚರಣ ಇಲ್ಲದಿದ್ದರೆ ಹಾಡೇ ಇಲ್ಲ, ನಿಮಗೆ ಕಿವಿ ಇಲ್ಲ ಅಂದ. ನಾನು ಮೆಟ್ಟಿಲ ಮೇಲೆ ನಿಂತು ವಾದಕ್ಕಿಳಿದೆ. ನನ್ನ ಗಂಡ ಒಂದು ಕೈಯಲ್ಲಿ ಸ್ಕೂಟರಿನ ಕೀ, ಇನ್ನೊಂದು ಕೈಯಲ್ಲಿ ನನ್ನ ಹೆಲ್ಮೆಟ್ಟು ಹಿಡಿದುಕೊಂಡು ಕಾಯುತ್ತಾ ನಿಂತಿದ್ದರು.