ದೊಡ್ಡಬಸಪ್ಪ ಮಂಗಳೂರಿನಲ್ಲಿ ಹಗೇವು ತೋಡಿದ್ದು

ಪಂಪಾಪತಿ ಮಂಗಳೂರಿಗೆ ಹೋದದ್ದು ಎರಡೇ ವರ್ಷದ ಮಟ್ಟಿಗೆ. ಕೊಪ್ಪಳ ಕಡೆಯ ತನ್ನೂರು ಬೇವೂರಿನ ಕಟ್ಟೆಯ ಮೇಲೆ ಕೂತವರಿಗೆಲ್ಲ ಹಾಗಂತ ಹೇಳಿ, ಟ್ರಂಕು ಹೊತ್ತು ಯಲಬುರ್ಗಾದ ಬಸ್ಸು ಹತ್ತಿದ್ದ. ಆ ಎರಡು ವರ್ಷ ಮುಗಿಯುವಷ್ಟರಲ್ಲಿ ಅವನ ತಲೆ ಬೆಳ್ಳಗಾಗಿತ್ತು, ಮಗಳ ಮದುವೆಯಾಗಿತ್ತು, ನಿವೃತ್ತಿಯ ಹಾರ ಕೊರಳಿಗೆ ಬಿದ್ದಿತ್ತು.

ಸರ್ಕಾರಿ ಬಸ್ಸಿನ ಡ್ರೈವರ್ ಕೆಲಸ ಅದು. ಕರಾವಳಿಯ ಹುಡುಗರು ಮುಂಬೈ, ದುಬೈ ಅಂತ ಹಾರಿ ಹೋದಮೇಲೆ ಅಲ್ಲಿನ ಬಸ್ಸು ಓಡಿಸಲು ಬಯಲುಸೀಮೆಯವರೇ ಗತಿ. ಯಲಬುರ್ಗಾದಿಂದ ಕುಷ್ಟಗಿಗೆ ಹೋಗುವ ರಸ್ತೆ ಹೇಗಿದೆಯೆಂದರೆ, ಸ್ಟೇರಿಂಗು ಹಿಡಿದು ಒಂದು ತೂಕಡಿಕೆ ಹಾಕಿದರೂ ಊರು ತಾನಾಗಿ ಬರುತ್ತದೆ. ಅಂಥ ರಸ್ತೆಯಲ್ಲಿ ಕೈ ಪಳಗಿಸಿಕೊಂಡವನನ್ನು ಶಿರಾಡಿ ಘಾಟಿಗೆ ಹಾಕಿದರು. ಮೊದಲ ದಿನ ಘಾಟಿ ಇಳಿದು ಬಸ್ಸು ನಿಲ್ಲಿಸಿದವನು ಬಹಳ ಹೊತ್ತು ಸೀಟು ಬಿಟ್ಟು ಏಳಲಿಲ್ಲ. ಪ್ರಯಾಣಿಕರೆಲ್ಲ ಇಳಿದ ಮೇಲೂ ಸ್ಟೇರಿಂಗು ಬಿಟ್ಟಿರಲಿಲ್ಲ.

ಮಾತಿನದೂ ಒಂದು ಪಜೀತಿ. ಹೋಟೆಲಿನಲ್ಲಿ "ಒಂದ್ ಚಾ ಕೊಡ್ರಿ" ಅಂದರೆ ಗಲ್ಲಾದ ಮೇಲಿನವನು "ಯಾಕೆ ಮಾರಾಯ್ರೆ ಸಿಟ್ಟು?" ಅನ್ನುತ್ತಿದ್ದ. ಇವನಿಗೆ ಸಿಟ್ಟೆಲ್ಲಿ ಬಂತು? ಬೇವೂರಿನಲ್ಲಿ ಪ್ರೀತಿಯನ್ನೂ ಅದೇ ದನಿಯಲ್ಲಿ ಹೇಳುತ್ತಾರೆ. ಮಳೆಯ ಸಂಗತಿ ಇನ್ನೊಂದು. ಮೊದಲ ವಾರ ಅಂಗಳದಲ್ಲಿ ನಿಂತು ಮಕ್ಕಳಂತೆ ನೆನೆದ. ತಿಂಗಳು ಕಳೆಯುವಷ್ಟರಲ್ಲಿ ಒಣಗದ ಖಾಕಿ ಅಂಗಿಯನ್ನು ಇಸ್ತ್ರಿಯಲ್ಲಿ ಸುಟ್ಟು ಒಣಗಿಸುತ್ತ ಮಳೆರಾಯನಿಗೆ ಬೇವೂರಿನ ಬೈಗುಳವನ್ನೆಲ್ಲ ಬೈದ. ವರ್ಗಾವಣೆ ಕೇಳಿದ, ಸಿಗಲಿಲ್ಲ. ಮತ್ತೆ ಕೇಳಿದ. ಕೆಲವು ವರ್ಷ ಕೇಳಿದಂತೆ ಮಾಡಿದ. ಆಮೇಲೆ ಅದನ್ನೂ ಬಿಟ್ಟ.

ಬಿಡುವುದಕ್ಕೆ ಕಾರಣ ಹೆಂಡತಿ ಮಲ್ಲೇಶ್ವರಿ. ಹುಲಿಹೈದರದ ಹೆಣ್ಣು, ರೊಟ್ಟಿಯ ಹಂಚು ಬಗಲಲ್ಲಿಟ್ಟುಕೊಂಡು ಅತ್ತುಕೊಂಡೇ ಬಂದವಳು. ಊರಿಗೆ ಬಂದಾಕೆ ನೀರಿಗೆ ಬರದೆ ಇರುತ್ತಾಳೆಯೇ? ತರಕಾರಿಯವಳೊಂದಿಗೆ ಚೌಕಾಸಿ ಮಾಡುತ್ತಲೇ ತುಳು ಕಲಿತಳು. ಕೊಪ್ಪಳ, ಬಾಗಲಕೋಟೆ ಕಡೆಯ ಡ್ರೈವರು ಕಂಡಕ್ಟರುಗಳು ಅನ್ನ ತಿಂದು ತಿಂದು ಬಾಡಿ ಹೋಗಿದ್ದರು. ಒಬ್ಬನಿಗೆ ರೊಟ್ಟಿ ಪಲ್ಯ ಬಡಿಸಿದಳು, ಮರುದಿನ ಬಾಗಿಲಲ್ಲಿ ಖಾಕಿಯ ಸಾಲೇ ನಿಂತಿತು. ಆ ಸಾಲು ಇವತ್ತಿಗೂ ಕರಗಿಲ್ಲ. ಈಗ ಡಿಪೋದ ಹಿಂದೆ ಅವಳದೇ ಒಂದು ಖಾನಾವಳಿ, ಕೈಕೆಳಗೆ ಇಬ್ಬರು ಹೆಂಗಸರು. ಮಗಳು ಶಿವಲೀಲಾ ಅಲ್ಲೇ ಆಸ್ಪತ್ರೆಯೊಂದರಲ್ಲಿ ನರ್ಸು. ಮೊಮ್ಮಗ ಅಜ್ಜನ ಮಾತಿಗೆ ನಗುತ್ತಾನೆ. ಮಂಗಳೂರಿನ ಅಂಚಿನ ಅಡ್ಯಾರಿನಲ್ಲಿ, ಹೊಳೆಯ ಕಡೆಗೆ, ಒಂದು ತುಂಡು ಜಾಗ ಹಿಡಿದು ಪುಟ್ಟ ಮನೆಯನ್ನೂ ಕಟ್ಟಿದರು.

"ರಿಟೈರ್ ಆದಮ್ಯಾಲ ಇದನ್ನ ಬಾಡಗಿ ಕೊಟ್ಟು ಊರಿಗೆ ಬರ್ತೀವಿ" ಅಂತ ಪಂಪಾಪತಿ ಅಣ್ಣನಿಗೆ ಫೋನಿನಲ್ಲಿ ಹೇಳಿದ್ದ. ಹೇಳುವಾಗ ಮಲ್ಲೇಶ್ವರಿ ಎದುರಿಗೇ ನಿಂತಿದ್ದಳು. ಕೈಯಲ್ಲಿದ್ದ ಪಾತ್ರೆಯನ್ನು ಸ್ವಲ್ಪ ಜೋರಾಗಿ ತಿಕ್ಕಿದಳು.

ಅಣ್ಣ ಅಂದರೆ ದೊಡ್ಡಬಸಪ್ಪ. ಬೇವೂರಿನ ಹೊಲ, ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳ ತುಂಬು ಸಂಸಾರದ ಯಜಮಾನ. ಅವ್ವ ಸಾಯುವ ಮುಂದೆ ಇಬ್ಬರನ್ನೂ ಕೂಡಿಸಿ, "ಮುದುಕರಾದ ಮ್ಯಾಲಾದ್ರೂ ಒಂದ ಕಡೆ ಇರ್ರೆಪಾ" ಅಂದಿದ್ದಳು. ಪಂಪಾಪತಿ ಹೂಂ ಅಂದು ಮಂಗಳೂರಿಗೆ ವಾಪಸು ಹೋದ. ದೊಡ್ಡಬಸಪ್ಪ ಹೂಂ ಅಂದು ಭಾಗ್ಯನಗರದಲ್ಲಿ ಮನೆ ಕಟ್ಟಿಸಿದ. ಕೊಪ್ಪಳಕ್ಕೆ ಅಂಟಿಕೊಂಡ ಊರು, ದವಾಖಾನೆ ಹತ್ತಿರ, ಮುಪ್ಪಿಗೆ ಒಳ್ಳೆಯದು ಅಂತ. ಒಂದೇ ಮನೆಗೆ ಎರಡು ಬಾಗಿಲು, ಒಂದು ತನಗೆ, ಒಂದು ತಮ್ಮನಿಗೆ. ತಮ್ಮನ ಬಾಗಿಲಿಗೆ ಬೀಗ ಹಾಕಿ, ಪ್ರತಿ ಅಮಾವಾಸ್ಯೆಗೆ ತಾನೇ ಹೋಗಿ ಕಸ ಹೊಡೆದು ಬರುತ್ತಿದ್ದ. ಬೈಯುವ ಅಣ್ಣನಿಗೆ ಉತ್ತರ ಕೊಡಬಹುದು. ಕಸ ಹೊಡೆದು ಕಾಯುವ ಅಣ್ಣನಿಗೆ ಏನಂತ ಉತ್ತರ ಕೊಡುತ್ತೀರಿ?

ನಿಜ ಏನೆಂದರೆ ಪಂಪಾಪತಿಗೆ ಹೋಗುವ ಮನಸ್ಸಿರಲಿಲ್ಲ. ಮಲ್ಲೇಶ್ವರಿಗಂತೂ ಸುತರಾಂ ಇರಲಿಲ್ಲ. ಈ ಮಾತು ಅವನ ಬಾಯಲ್ಲಿ ಬಿಸಿತುಪ್ಪವಾಗಿ ಕೂತಿತ್ತು, ಉಗುಳಲೂ ಆಗದು, ನುಂಗಲೂ ಆಗದು. ಅಣ್ಣ ನೊಂದುಕೊಂಡರೆ? ಬೇವೂರಿನವರು "ಮೀನಿನ ಊರಿನ ರುಚಿ ಹತ್ತೈತಿ ಮಗಗ, ಅವ್ವನ ಮಾತ ಮರತಾನ" ಅಂದರೆ? ಆಮೇಲೆ ಊರಿನಲ್ಲಿ ಮುಖ ತೋರಿಸುವುದು ಹೇಗೆ?

ನಿವೃತ್ತಿಯ ಸಮಾರಂಭಕ್ಕೆ ದೊಡ್ಡಬಸಪ್ಪ ಬಂದ. ಅಷ್ಟು ವರ್ಷಗಳಲ್ಲಿ ಮೊದಲ ಸಲ. ಹೊಲ ಬಿಟ್ಟು ಬರಲಾಗದು ಅನ್ನುವುದು ಅವನ ಕಾಯಂ ನೆಪವಾಗಿತ್ತು. ಅಂಥವನು ಬಸ್ಸಿನಿಂದ ಇಳಿದದ್ದು ಬಿಳಿಜೋಳದ ಚೀಲದ ಸಮೇತ. ವರ್ಷಕ್ಕೊಂದು ಚೀಲ ಜೋಳವನ್ನು ಯಾರದಾದರೂ ಬಸ್ಸಿನಲ್ಲಿ ಕಳಿಸುತ್ತಿದ್ದ, ಈ ಸಲ ತಾನೇ ತಂದ. ಆಟೋದವನನ್ನು ಹತ್ತಿರ ಸೇರಿಸದೆ ಚೀಲವನ್ನು ಹೆಗಲ ಮೇಲಿಟ್ಟುಕೊಂಡೇ ಮನೆಯ ತನಕ ನಡೆದ.

ಸಮಾರಂಭ ಮುಗಿಯಿತು, ಅಣ್ಣನ ಮಾತು ಶುರುವಾಯಿತು. ದೀಪಾವಳಿ ಮುಗಿದ ಮೇಲೆ ಟೆಂಪೋ ತರುತ್ತಾನಂತೆ. ಭಾಗ್ಯನಗರದ ಮನೆಗೆ ಬಣ್ಣ ಹಚ್ಚಿಸಿದ್ದಾನಂತೆ. ತಮ್ಮನ ಕೋಣೆಯ ಕಿಟಕಿಯಿಂದ ಗವಿಮಠದ ಗುಡ್ಡ ಕಾಣುತ್ತದಂತೆ. ಪಂಪಾಪತಿ ಬಾಯಿ ತೆರೆದಾಗಲೆಲ್ಲ ಅಣ್ಣ ಇನ್ನೊಂದು ಕಿಟಕಿಯ ವರ್ಣನೆಗೆ ತೊಡಗುತ್ತಿದ್ದ.

ಅಡುಗೆಮನೆಯಲ್ಲಿ ಮಲ್ಲೇಶ್ವರಿ ಗಂಡನ ತೋಳು ಹಿಡಿದು ನಿಲ್ಲಿಸಿದಳು. "ನೀವು ಹೇಳ್ತೀರೋ, ನಾ ಹೇಳ್ಲೋ?"

"ನಾನ ಹೇಳ್ತೀನಿ. ಇವತ್ತ ಹೇಳ್ತೀನಿ."

"ನಿನ್ನೀನೂ ಇದನ್ನ ಅಂದ್ರಿ."

ಅಷ್ಟರಲ್ಲಿ ಹಿತ್ತಿಲ ಕೋಣೆಯಿಂದ ದೊಡ್ಡಬಸಪ್ಪನ ಕೂಗು ಬಂತು. ಹೊಸ ಚೀಲ ಇಡಲು ಹೋದವನು ಹಳೆಯ ಚೀಲದ ಬಾಯಿ ಬಿಚ್ಚಿದ್ದ. ಒಳಗೆ ಜೋಳ ಮುಗ್ಗಲು ಹಿಡಿದು ಗಂಟುಗಟ್ಟಿತ್ತು, ನುಸಿ ಹಾರುತ್ತಿತ್ತು. ಸತ್ಯ ಹೇಳಬೇಕೆಂದರೆ ಪ್ರತಿ ವರ್ಷವೂ ಅರ್ಧ ಚೀಲ ಹೀಗೆಯೇ ಹೋಗುತ್ತಿತ್ತು. ಅಣ್ಣನಿಗೆ ಬೇಜಾರಾದೀತೆಂದು ಗಂಡಹೆಂಡತಿ ಬಾಯಿ ಬಿಟ್ಟಿರಲಿಲ್ಲ.

"ಇದೇನೋ ಪಂಪಾ! ನಮ್ಮ ಹೊಲದ ಜ್ವಾಳ ಹಿಂಗ ಇಟ್ಟೀಯಲ್ಲೋ!"

"ಇಲ್ಲಿ ಹವಾ ಥಂಡಿ ಅಣ್ಣ. ಏನ್ ಮಾಡಿದ್ರೂ ಕೆಡತೈತಿ."

"ಹವಾದ್ದೇನ ತಪ್ಪು? ಇಡಾಕ ಬರಬೇಕು. ಗುದ್ದಲಿ ಎಲ್ಲೈತಿ?"

ಬೇವೂರಿನ ಹಳೆಯ ಮನೆಗಳ ಮುಂದೆ ನೆಲದೊಳಗೆ ಹಗೇವು ಇರುತ್ತಿತ್ತು. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು, ಗಡಿಗೆಯಂಥ ಗುಂಡಿ. ಒಳಗೆ ಹುಲ್ಲು ಹಾಸಿ ಜೋಳ ಸುರಿದು, ಮೇಲೆ ಬಂಡೆ ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕಾಳು ಕೆಡುವುದಿಲ್ಲ. ಊರಿನಲ್ಲಿ ಎಲ್ಲರೂ ಅದನ್ನು ಮುಚ್ಚಿ ಮೇಲೆ ಸಿಮೆಂಟು ಹಾಕಿದ್ದಾರೆ. ದೊಡ್ಡಬಸಪ್ಪ ಮಾತ್ರ ಹಾಕಿಲ್ಲ. ಅವನ ಪ್ರಕಾರ ಭೂಮಿ ಅಂದರೆ ಒಣಗಿದ್ದು, ತೋಡಿದಷ್ಟೂ ಒಣಗಿದ್ದು. ಬೇರೆ ಥರದ ಭೂಮಿಯನ್ನು ಅವನು ನೋಡಿರಲಿಲ್ಲ.

"ಅಣ್ಣ, ಇನ್ನ ಎಷ್ಟ ದಿನದ ಮಾತು..." ಪಂಪಾಪತಿ ತೊದಲಿದ.

"ದೀಪಾವಳಿ ತನಕಾ ಆದ್ರೂ ಜ್ವಾಳ ಜ್ವಾಳನ. ಸರಿ ಆಕಡೆ."

ಕರಾವಳಿಯಲ್ಲಿ ಇಷ್ಟು ವರ್ಷ ಬದುಕಿದವನು ಆಗಲೇ ತಡೆಯಬೇಕಿತ್ತು. ಆದರೆ ದೊಡ್ಡ ಮಾತೊಂದು ಗಂಟಲಲ್ಲಿ ಸಿಕ್ಕಿಕೊಂಡವನಿಗೆ ಸಣ್ಣ ಮಾತೂ ಹೊರಡುವುದಿಲ್ಲ. ಬುಟ್ಟಿಯಲ್ಲಿ ಮಣ್ಣು ಹೊರತೊಡಗಿದ.

ದೊಡ್ಡಬಸಪ್ಪ ಪಂಚೆ ಎತ್ತಿ ಕಟ್ಟಿ ಹಿತ್ತಿಲಲ್ಲಿ ಅಗೆದ. "ಇದೇನ ಮಣ್ಣೋ ಬೆಣ್ಣಿಯೋ!" ಅಂತ ಹಂಗಿಸಿದ. ಸೊಂಟದ ಆಳಕ್ಕೆ ಮಣ್ಣು ಕಪ್ಪಾಯಿತು, ತಣ್ಣಗಾಯಿತು. "ಹಸಿ ಐತಿ, ಎರಡ ದಿನ ಬಿಸಲಿಗೆ ಬಿಟ್ರ ಆರತೈತಿ" ಅಂದ. ಎದೆಯ ಆಳಕ್ಕೆ ಇಳಿದಾಗ ಗುಂಡಿಯ ಗೋಡೆಯಿಂದ ಹೆಬ್ಬೆರಳು ಗಾತ್ರದ ನೀರು ಚಿಮ್ಮಿತು.

"ಏ ಪಂಪಾ! ನಳದ ಪೈಪ ಒಡೀತೋ! ಬಂದ್ ಮಾಡು, ಬಂದ್ ಮಾಡು!"

ಹೆಗಲ ಮೇಲಿನ ಟವೆಲನ್ನು ಮುದ್ದೆ ಮಾಡಿ ತೂತಿಗೆ ತುರುಕಿದ, ಅದರ ಮೇಲೆ ಮಣ್ಣು ಮೆತ್ತಿದ, ಬೆನ್ನು ಕೊಟ್ಟು ಒತ್ತಿ ಹಿಡಿದ. ಮಲ್ಲೇಶ್ವರಿ ಓಡಿ ಹೋಗಿ ನಳದ ತಿರುಪು ಬಿಗಿದಳು. ನೀರು ನಿಲ್ಲಲಿಲ್ಲ. ಇನ್ನೊಂದು ಕಡೆಯಿಂದಲೂ ಬಂತು, ಕಾಲ ಕೆಳಗಿನಿಂದಲೂ ಬಂತು. ದೊಡ್ಡಬಸಪ್ಪ ಪಂಚಾಯಿತಿಯವರಿಗೆ ಏನುತ್ತರ ಕೊಡುವುದೆಂದು ಗಾಬರಿಯಾಗಿ ಒಳಗಿನಿಂದಲೇ ಕೂಗಾಡುತ್ತಿದ್ದ.

ಗದ್ದಲ ಕೇಳಿ ಪಕ್ಕದ ಮನೆಯ ವಾರಿಜಕ್ಕ ಕಂಪೌಂಡಿನ ಮೇಲಿಂದ ಇಣುಕಿದಳು. "ಅಂತೂ ಬಾವಿ ತೋಡಿಸಿದಿರಾ? ಬಾಯಿ ಎಂಥ ಇಷ್ಟು ಸಣ್ಣದು?"

"ಬಾವಿ ಅಲ್ರಿ ಯವ್ವಾ, ಹಗೇವು! ನಳ ಒಡದೈತಿ!"

"ನಳ ಅಲ್ಲ ಮಾರಾಯ್ರೆ, ಅದು ಒರತೆ. ಇಲ್ಲಿ ಎಲ್ಲಿ ತೋಡಿದರೂ ಹೀಗೇ."

ದೊಡ್ಡಬಸಪ್ಪ ಕೂಗಾಟ ನಿಲ್ಲಿಸಿದ. "ಎಲ್ಲಿ ತೋಡಿದ್ರೂ?"

"ಹೌದು. ಎಲ್ಲಿ ತೋಡಿದರೂ."

ಅವನು ಗೋಡೆಗೆ ಒತ್ತಿದ್ದ ಬೆನ್ನನ್ನು ಮೆಲ್ಲಗೆ ತೆಗೆದ. ಟವೆಲು ಕಳಚಿ ಬಿತ್ತು. ಬೇವೂರಿನ ಹೊಲದಲ್ಲಿ ಅವನು ಬೋರು ಹಾಕಿಸಿದಾಗಲೆಲ್ಲ ಮೇಲೆ ಬಂದದ್ದು ಧೂಳು. ನೋಡಲು ಹೋದವರು ಹಿಟ್ಟಿನ ಗಿರಣಿಯಿಂದ ಬಂದವರಂತೆ ಬೆಳ್ಳಗಾಗಿ ಮನೆಗೆ ಬರುತ್ತಿದ್ದರು. ಈಗ ಮೊಣಕಾಲ ತನಕ ನೀರಿನಲ್ಲಿ ನಿಂತು ಒಂದು ಬೊಗಸೆ ಎತ್ತಿದ, ಕೆಸರು ಇಳಿಯುವ ತನಕ ಕಾದ, ಬಾಯಿಗೆ ಹಾಕಿಕೊಂಡ. ಸಿಹಿ. ಆ ಗಟ್ಟಿ ಮನುಷ್ಯನ ಕಣ್ಣಿನಿಂದ ನೀರು ದಳದಳ ಇಳಿಯಿತು, ಒರೆಸಿಕೊಳ್ಳಲೂ ಇಲ್ಲ.

ಪಂಪಾಪತಿ ಅಂಚಿಗೆ ಬಗ್ಗಿ ಕೈ ಚಾಚಿದ. "ಮ್ಯಾಲ ಬಾ ಅಣ್ಣ. ಥಂಡಿ ಆಗತೈತಿ."

ದೊಡ್ಡಬಸಪ್ಪ ಕೈ ಹಿಡಿಯಲಿಲ್ಲ. ಒಳಗೆ ನಿಂತೇ ತಲೆಯೆತ್ತಿ ಹೇಳಿದ. "ಪಂಪಾ, ನೀ ಊರಿಗೆ ಬರೂದು ಬ್ಯಾಡ."

ಪಂಪಾಪತಿ ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡ. ಮನಸ್ಸಿನಲ್ಲಿದ್ದದ್ದು ಅಣ್ಣನಿಗೆ ಹೇಗೋ ತಿಳಿದು ಸಿಟ್ಟು ಬಂದಿದೆ ಅಂದುಕೊಂಡ. "ಯಾಕ ಅಣ್ಣ? ಅವ್ವನ ಮಾತು..."

"ಅವ್ವ ಎರಡ ಕೊಡ ನೀರಿಗೆ ಹಳ್ಳದ ತನಕಾ ನಡದಾಕಿ. ಒರತಿ ತೋಡಿ, ಚರಗಿಲೆ ಗೋರಿ ಗೋರಿ ತುಂಬಾಕಿ. ಆಕಿ ಇದನ್ನ ನೋಡಿದ್ರ ನಿನ್ನ ಕಿವಿ ಹಿಂಡಿ ಇಲ್ಲೇ ಕೂಡಸ್ತಿದ್ಲು. ತಾನಾಗಿ ಬಂದ ಗಂಗವ್ವನ ಬಿಟ್ಟು ಯಾವನರ ಎದ್ದು ಬರ್ತಾನೇನು?"

ಆಗ ಪಂಪಾಪತಿಯ ಬಾಯಿ ಬಿಚ್ಚಿತು. "ಅಣ್ಣ, ನನಗ ಬರೂ ಮನಸ್ಸು ಮೊದಲಿಂದನೂ ಇರಲಿಲ್ಲ. ಹೇಳಾಕ ಅಂಜಿಕಿ ಆಗಿತ್ತು."

"ಯಾಕ, ನಾ ಏನ್ ಹುಲಿ ಅದೀನೇನು?"

"ನೀ ನಮ್ಮ ಕ್ವಾಣಿ ಕಸಾ ಹೊಡೀತಿದ್ದಿ ಅಣ್ಣ. ಹೆಂಗ ಹೇಳ್ಲಿ?"

ದೊಡ್ಡಬಸಪ್ಪ ಬಗ್ಗಿ ಕೆಸರಿನಿಂದ ಟವೆಲು ಎತ್ತಿ ಹಿಂಡಿದ. ನೋವಾಗಿತ್ತು, ಆಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಆಮೇಲೆ ಮೂಗೊರೆಸಿಕೊಂಡು, "ಇಲ್ಲಿ ಮಳಿ ಹೊಡಿಯೂ ಮುಂದ ನೀವು ಅಲ್ಲಿಗೆ ಬರ್ರಿ. ಬ್ಯಾಸಿಗ್ಯಾಗ ನಾ ಇಲ್ಲಿಗೆ ಬರ್ತೀನಿ. ವರ್ಷದಾಗ ಅರ್ಧಾದ್ರೂ ಒಂದ ಕಡೆ ಇದ್ದಂಗ ಆತು. ಈಗ ಎತ್ತಲೇ ನನ್ನ, ಕಾಲು ಸೇದಾಕ ಹತ್ತ್ಯಾವು!" ಅಂದ.

ಮಲ್ಲೇಶ್ವರಿ ಮೆಟ್ಟಿಲ ಮೇಲೆ ಕುಸಿದು ಕೂತು, "ಸದ್ಯ, ಶಿವನೇ!" ಅಂತ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಗುತ್ತಿದ್ದಳೋ ಅಳುತ್ತಿದ್ದಳೋ, ಎರಡೂ ಇತ್ತು. ಪಂಪಾಪತಿಗೆ ಎಷ್ಟೋ ವರ್ಷದಿಂದ ಹೊತ್ತ ಮೂಟೆ ಇಳಿಸಿದಂತಾಗಿ ಹೆಗಲು ನಿಜವಾಗಿಯೂ ಹಗುರಾಯಿತು. ಅಣ್ಣನನ್ನು ಒಂದೇ ಎಳೆತಕ್ಕೆ ಮೇಲೆತ್ತಿದ.

ಮೂರು ದಿನಕ್ಕೆಂದು ಬಂದ ದೊಡ್ಡಬಸಪ್ಪ, ಗುಂಡಿಯನ್ನು ಅಗಲ ಮಾಡಿಸಿ, ಸಿಮೆಂಟಿನ ರಿಂಗು ಇಳಿಸಿ, ಗಂಗೆಗೆ ಪೂಜೆ ಮಾಡಿಸುವ ತನಕ ಕದಲಲಿಲ್ಲ. ಹೋಗುವಾಗ ಉಳಿದ ಜೋಳವನ್ನು ತಾನೇ ಬಿಸಿಲಿಗೆ ಹಾಕಿ ಖಾನಾವಳಿಗೆ ಸಾಗಿಸಿದ. ಆದರೆ ಪಂಪಾಪತಿಗೆ ಇನ್ನೂ ಒಂದು ಅಳುಕು ಉಳಿದಿತ್ತು. ಅಣ್ಣ ಒಪ್ಪಿದ, ಬೇವೂರು ಒಪ್ಪುತ್ತದೆಯೇ?

ಊರು ಮುಟ್ಟಿದ ಮರುದಿನ ದೊಡ್ಡಬಸಪ್ಪ ಚಹಾದಂಗಡಿಯ ಮುಂದೆ ನಿಂತು ತಮ್ಮನಿಗೆ ಫೋನು ಮಾಡಿದ. ಮಾತಿನ ನಡುವೆ ಆ ಕಡೆ ಇನ್ನೊಂದು ದನಿ ಕೇಳಿತು. ಟೇಲರ್ ಮಕ್ಬುಲಸಾಬನದು. ಊರಿನಲ್ಲಿ ಯಾರ ಬಗ್ಗೆ ಏನು ಮಾತಾಡಬೇಕೆಂದು ನಿರ್ಧಾರವಾಗುವುದು ಅವನ ಮಷೀನಿನ ಮುಂದೆಯೇ.

"ಏನ್ರಿ ದೊಡ್ಡಬಸಣ್ಣ, ಮನಿಗೆ ಬಣ್ಣಾ ಹಚ್ಚಿಸಿದ್ರಿ, ತಮ್ಮನ್ನ ಬಿಟ್ಟ ಬಂದೀರಲ್ಲ? ಬರಂಗಿಲ್ಲ ಅಂದನೇನು?"

ಪಂಪಾಪತಿ ಫೋನನ್ನು ಕಿವಿಗೆ ಒತ್ತಿಕೊಂಡ.

"ಅವನ ಜಾಗಾದಾಗ ನೀರು ಬಿದ್ದೈತಿ" ಅಂದ ದೊಡ್ಡಬಸಪ್ಪ.

"ಹೌದಾ? ಎಷ್ಟ ಫೂಟಿಗೆ?"

ಉತ್ತರ ಕೇಳಿಸಲಿಲ್ಲ. ಅಣ್ಣ ಎದೆಯ ಮೇಲೆ ಕೈಯಿಟ್ಟು ತೋರಿಸಿರಬೇಕು. ಆ ಕಡೆ ಯಾರೋ ಚಹಾದ ಗ್ಲಾಸು ಕುಕ್ಕಿದ ಸದ್ದಾಯಿತು. ಆಮೇಲೆ ಮಕ್ಬುಲಸಾಬನ ದನಿ ಬಂತು.

"ಯಾ ಅಲ್ಲಾ! ಮತ್ತ ಹೆಂಗ ಬರ್ತಾನ್ರಿ ಅವ? ಹುಚ್ಚ ಅದಾನೇನು?"