ಕೋಡಿಲ್ಲದ ಮಣ್ಣೆತ್ತು

ಹಾವು ಕಚ್ಚಬಹುದಿತ್ತು. ಪಕ್ಕದ ಹೊಲದವರು ‘ರಸ್ತೆಗೆ ಜಮೀನು ಹೊಡೆಯಲು ಬಂದರು’ ಎಂದು ಜಗಳಕ್ಕೆ ನಿಲ್ಲಬಹುದಿತ್ತು. ಹಾವೇರಿ ಬಸ್ಸಿನ ಕುಲುಕಾಟಕ್ಕೆ ಪೊಟ್ಟಣಗಳು ಒಡೆಯಬಹುದಿತ್ತು. ರಾಣೆಬೆನ್ನೂರು ಸ್ಟೇಷನ್ನಿನಲ್ಲಿ ಯಾರಾದರೂ ದುಬಾರಿ ಬೀಜದ ಸ್ಯಾಂಪಲ್ ಅಂದುಕೊಂಡು ಬ್ಯಾಗನ್ನೇ ಎತ್ತಿಕೊಂಡು ಹೋಗಬಹುದಿತ್ತು. (ಚಿಂತೆ ಮಾಡಲು ಸಂಬಳವಿದ್ದಿದ್ದರೆ ನನಗೆ ಇಷ್ಟೊತ್ತಿಗೆ ಎರಡು ಪ್ರಮೋಷನ್ ಆಗಿರುತ್ತಿದ್ದವು ಎನ್ನುತ್ತಾಳೆ ನನ್ನ ಹೆಂಡತಿ.)

ಇಷ್ಟೆಲ್ಲ ಹೆದರಿದ್ದು ಯಾತಕ್ಕೆ? ಒಂದಿಷ್ಟು ಮಣ್ಣಿಗೆ. ನನ್ನ ಮಗಳು ಸ್ಮಿತಾ ಮೈಕ್ರೋಬಯಾಲಜಿಯಲ್ಲಿ ಸಂಶೋಧನೆ ಮಾಡುತ್ತಿದ್ದಾಳೆ. ಗುತ್ತಲದ ಹತ್ತಿರ ನನ್ನ ಅಕ್ಕ ಗಿರಿಜಕ್ಕನ ಹೊಲವಿದೆ. ಅಲ್ಲಿಂದ ಕಪ್ಪು ಮಣ್ಣು ಅಗೆದು ತಂದಳು. ಬ್ಯಾಡಗಿಯ ಅಕ್ಕನ ಮನೆಯಲ್ಲಿ ಕೂತು ಪೊಟ್ಟಣ ಕಟ್ಟತೊಡಗಿದಳು.

ಅಕ್ಕನಿಗೆ ಎದೆಯ ಕ್ಯಾನ್ಸರ್. ಆಪರೇಷನ್ ಆಗಿ ಕೀಮೋ ನಡೆದಿತ್ತು. ರಕ್ತನಾಳಕ್ಕೆ ಇಳಿಸುವ ಆ ಕೆಂಪು ಔಷಧ ಕಂಡರೇ ಆಕೆಗೆ ಆಗುವುದಿಲ್ಲ. “ಮೆಣಸಿನಕಾಯಿ ಅರದು ಒಳಗ ಬಿಡ್ತಾರೋ ಏನೋ” ಎನ್ನುತ್ತಾಳೆ. ಬ್ಯಾಡಗಿಯವಳಲ್ಲವೇ.

“ಈ ಮಣ್ಣ ಒಯ್ದು ಏನ ಮಾಡ್ತಿಯವಾ?” ಎಂದು ಕೇಳಿದಳು.

“ಅತ್ತಿ, ಮಣ್ಣಾಗಿನ ಕೆಲವು ಬ್ಯಾಕ್ಟೀರಿಯಾದಿಂದ ಕ್ಯಾನ್ಸರ್ ಔಷಧ ಮಾಡ್ಯಾರ. ನಿಮ್ಮ ಹೊಲದಾಗ ಅಂಥಾವು ಅದಾವೋ ಇಲ್ಲೋ ಹುಡುಕಬೇಕು.”

“ಸಿಕ್ಕರ?”

“ಸಿಕ್ಕರೂ ವರ್ಷಗಟ್ಟಲೆ ಕೆಲಸ ಐತ್ರಿ. ಗಾಜಿನ ತಟ್ಟಿಯೊಳಗ ಕ್ಯಾನ್ಸರ್ ಕೋಶ ಸತ್ತರ ಸಾಲಂಗಿಲ್ಲ. ಫಿನೈಲ್ ಹಾಕಿದರೂ ಸಾಯ್ತಾವ.”

ಎಷ್ಟು ಚೆನ್ನಾಗಿ ಹೇಳಿದಳು ನನ್ನ ಮಗಳು ಎಂದು ಹೆಮ್ಮೆಪಟ್ಟೆ. ‘ಕ್ಯಾನ್ಸರ್‌ಗೆ ಮಣ್ಣೇ ಮದ್ದು!’ ಎಂದು ಹೆಡ್ಡಿಂಗ್ ಕೊಡುವ ನಮ್ಮ ಪತ್ರಿಕೆಯವರು ಇವಳಿಂದ ಕಲಿಯಬೇಕು ಅನ್ನಿಸಿತು.

ಪೊಟ್ಟಣ ಕಟ್ಟಿ ಉಳಿದ ಮಣ್ಣನ್ನು ಅಕ್ಕ ಚೆಲ್ಲಗೊಡಲಿಲ್ಲ. ಕಲಸಿ ಒಂದು ಎತ್ತು ಮಾಡಿ, ಕುಂಕುಮ ಹಚ್ಚಿ ದೇವರ ಮುಂದಿಟ್ಟಳು. ಮಣ್ಣೆತ್ತಿನ ಅಮಾವಾಸ್ಯೆ ಇನ್ನೂ ದೂರವಿತ್ತು. ಇರಲಿ, ಕಾಯಿಲೆಯವಳ ಸಮಾಧಾನ ಎಂದು ನಾವೂ ಕೈಮುಗಿದೆವು.

ಕೆಲವು ದಿನ ಬಿಟ್ಟು ಹೋದಾಗ ಎತ್ತಿಗೆ ಕೋಡು ಇರಲಿಲ್ಲ. ಡುಬ್ಬವೂ ಸವೆದಿತ್ತು.

“ಏನಕ್ಕಾ, ಎತ್ತಿಗೂ ಕೀಮೋ ಕೊಟ್ಟಾರೇನು?” ಎಂದೆ. (ನನ್ನ ಹಾಸ್ಯಪ್ರಜ್ಞೆಯ ಮಟ್ಟ ನಿಮಗೆ ಗೊತ್ತೇ ಇದೆ.)

“ಇಲಿ ತಿಂದಿರಬೇಕು ಬಿಡೋ” ಎಂದಳು.

ಅದಾಗಿ ಎರಡು ದಿನಕ್ಕೆ ಅಕ್ಕನಿಗೆ ಜ್ವರ, ಭೇದಿ. ಆಸ್ಪತ್ರೆಗೆ ಓಡಿದೆವು. ರಕ್ತದಲ್ಲಿ ಸೋಂಕು ತಡೆಯುವ ಶಕ್ತಿಯೇ ಕುಸಿದಿತ್ತು. ಏನು ತಿಂದಿರಿ ಎಂದು ಡಾಕ್ಟರು ಕೇಳಿದಾಗ ಅಕ್ಕ ಬಾಯಿ ಬಿಟ್ಟಳು. ದಿನಾ ಬೆಳಿಗ್ಗೆ ಎತ್ತನ್ನು ಅಷ್ಟಷ್ಟು ಕೆರೆದು ನೀರಲ್ಲಿ ಕಲಸಿ ಕುಡಿದಿದ್ದಾಳೆ. ತೀರ್ಥದ ಹಾಗೆ.

“ಹಸಿ ಸೌತೀಕಾಯಿ ಸೈತ ತಿನ್ನಬ್ಯಾಡ ಅಂದಿದ್ರಲ್ಲಕ್ಕಾ! ಮಣ್ಣ ಕುಡದೀ?”

“ನಮ್ಮ ಹೊಲದ್ದೋ. ಕೆಮಿಕಲ್ ಅಲ್ಲ.”

“ಔಷಧ ಆಗಾಕ ವರ್ಷಗಟ್ಟಲೆ ಬೇಕು ಅಂತ ಸ್ಮಿತಾ ಹೇಳಿರಲಿಲ್ಲೇನು?”

“ಆಕಿ ಕಡೆ ವರ್ಷ ಅದಾವು, ಹುಡುಕತಾಳ. ನನ್ನ ಕಡೆ ಎಲ್ಲಿ ಅದಾವು ತಮ್ಮಾ?”

ಮಣ್ಣು ಅಂದರೆ ತಾಯಿ, ಕೆಮಿಕಲ್ ಅಂದರೆ ವಿಷ ಎಂದು ವಾಟ್ಸ್ಯಾಪ್ ತುಂಬ ದಿನಾ ಫಾರ್ವರ್ಡ್ ಮಾಡುವವರು ನಾವೇ. ಜೀವ ಹಿಡಿದುಕೊಂಡು ಕೂತ ಹೆಂಗಸು ಅದನ್ನು ನಂಬಿದರೆ ಬೈಯುವವರೂ ನಾವೇ.

ಕೊನೆಯ ಅಸ್ತ್ರ ಬಿಟ್ಟೆ. “ನೀ ಬ್ಯಾಡ ಅನ್ನೋ ಆ ಕೆಂಪು ಔಷಧ ಮೊದಲು ಸಿಕ್ಕಿದ್ದೂ ಮಣ್ಣಿನ ಬ್ಯಾಕ್ಟೀರಿಯಾದಾಗನ, ಅಕ್ಕಾ. ಮಣ್ಣ ಬೇಕಂದ್ರ ಅದರಾಗನ ಐತಿ.”

ಅಕ್ಕನ ಕಣ್ಣು ಅರಳಿದವು. “ಹೌದಾ? ಯಾವೂರ ಮಣ್ಣು?”

“ಇಟಲಿ. ಪರದೇಶ.”

“ಅದಕ್ಕ ನನಗ ಒಗ್ಗವಲ್ದು” ಎಂದು ಗೋಡೆಯ ಕಡೆ ಹೊರಳಿದಳು.

ಈಗ ಜ್ವರ ಇಳಿದಿದೆ. ಮಗಳ ಪೊಟ್ಟಣಗಳು ಒಂದೂ ಒಡೆಯದೆ ಲ್ಯಾಬು ಸೇರಿವೆ. ಮೊನ್ನೆ ಓಣಿಯ ಹೆಂಗಸೊಬ್ಬರು ಬಂದು, ತಮ್ಮ ನಾದಿನಿಗೂ ಅದೇ ಕಾಯಿಲೆ ಎಂದು ದನಿ ತಗ್ಗಿಸಿ, “ನಿಮ್ಮ ಹೊಲದ ಮಣ್ಣ ಒಂದೀಟ ಸಿಗತೈತೇನ್ರಿ?” ಎಂದು ಕೇಳಿಹೋದರು.

ನಾನು ಹೆದರಿದ್ದು ಯಾವುದೂ ಆಗಲಿಲ್ಲ. ತಪ್ಪಿದ್ದು ಅಕ್ಕನ ಕೀಮೋದ ಒಂದು ಡೋಸ್, ಅಷ್ಟೇ.